ಅಪ್ಪಯ್ಯನ ತೋಳಿಗೆ ಶುಗರ್ ಸೆನ್ಸರ್: ಸಿಗ್ನಲ್ ಇಲ್ಲದ ಊರಲ್ಲಿ ಉಪಯೋಗ ಉಂಟಾ?

ಹುಲೇಕಲ್ ಮಾಣಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ, ಅಪ್ಪಯ್ಯ-ಆಯಿ ಊರಲ್ಲಿ. ಊರು ಅಂದರೆ ಸಿರ್ಸಿಯಿಂದ ಹುಲೇಕಲ್ ದಾಟಿ ಇನ್ನೂ ಒಳಗೆ. ಅಪ್ಪಯ್ಯನಿಗೆ 71. ಸಕ್ಕರೆ ಕಾಯಿಲೆ ಹಳೇದು, ಈಗ ಬೆಳಗ್ಗೆ-ರಾತ್ರಿ 30/70 ಮಿಕ್ಸ್ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಈಚೆಗೆ ನಡುರಾತ್ರಿ ಮೈಯೆಲ್ಲ ಬೆವರಿ ಎದ್ದು ಕೂರುತ್ತಾರೆ. ಅಡಿಕೆ ಕೊಯ್ಲಿನ ಆಳುಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಮೊನ್ನೆ ಆಯಿ ಮೀಟರ್ ಹಚ್ಚಿ ನೋಡಿದರೆ 52. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಯಾದರು. ಬೆಳಗ್ಗೆ ನೋಡಿದರೆ 210. ಡಾಕ್ಟರ ಹತ್ತಿರ ಹೋದಾಗ ಬೆಳಗಿನ ನಂಬರ್ ಮಾತ್ರ ಹೇಳುತ್ತಾರೆ, ರಾತ್ರಿಯದು ಬಾಯಿ ಬಿಡುವುದಿಲ್ಲ. ಆಯಿ ಹೇಳಲು ಹೋದರೆ ಅವಳಿಗೇ ಬೈಗುಳ.

ಈಗ ತೋಳಿಗೆ ಅಂಟಿಸಿ ಹಗಲು ರಾತ್ರಿ ಸಕ್ಕರೆ ನೋಡುವ ಸೆನ್ಸರ್ ಹಾಕಿಸೋಣ ಅಂತಿದ್ದೇನೆ. ಆದರೆ ಊರಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಮನೆಯೊಳಗೆ ಬಿಎಸ್‌ಎನ್‌ಎಲ್ ಫೈಬರ್ ಉಂಟು, ಕರೆಂಟ್ ಇದ್ದರೆ. ಆಫೀಸಲ್ಲಿ ಒಬ್ಬ "ಇನ್ಸುಲಿನ್ ಪಂಪ್ ಹಾಕಿಸಿಬಿಡು, ಎಲ್ಲಾ ತಾನೇ ನೋಡಿಕೊಳ್ಳುತ್ತದೆ" ಅಂದ. ಗೊತ್ತಿದ್ದವರು ಹೇಳಿ.

ಕಾಳಿ ದಂಡೆ

ಕಾರವಾರದವನು, ಟೈಪ್ 1 (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಸಕ್ಕರೆ ಕಾಯಿಲೆ), ಶಾಲೆಯಲ್ಲಿದ್ದಾಗಿನಿಂದ. ಸೆನ್ಸರ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಿಗ್ನಲ್ ವಿಷಯ. ಸೆನ್ಸರ್ ಫೋನಿನ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ, ಅದಕ್ಕೆ ಇಂಟರ್ನೆಟ್ ಬೇಡ. ಸಕ್ಕರೆ ಇಳಿದರೆ ಅಪ್ಪಯ್ಯನ ಹಾಸಿಗೆ ಪಕ್ಕದ ಫೋನ್ ಕಿರುಚುತ್ತದೆ, ಟವರ್ ಇರಲಿ ಬಿಡಲಿ. ಇಂಟರ್ನೆಟ್ ಬೇಕಾಗುವುದು ಮೊದಲ ಸಲ ಖಾತೆ ಮಾಡುವುದಕ್ಕೆ, ಮತ್ತೆ ನಿಮಗೆ ಬೆಂಗಳೂರಲ್ಲಿ ಕಾಣುವುದಕ್ಕೆ. ಒಂದು ಎಚ್ಚರ: ಲಿಬ್ರೆ ಅನ್ನುವ ಸೆನ್ಸರಿನ ಮೊದಲ ಮಾದರಿಯಲ್ಲಿ ಅಲಾರಂ ಇಲ್ಲ. ಫೋನನ್ನು ತೋಳಿಗೆ ತಾಗಿಸಿದರೆ ಮಾತ್ರ ನಂಬರ್. ಎಂಟು ಗಂಟೆಗಿಂತ ಹೆಚ್ಚು ಹೊತ್ತು ತಾಗಿಸದಿದ್ದರೆ ಹಿಂದಿನದು ಅಳಿಸಿಹೋಗುತ್ತದೆ. ಮಲಗಿದವರಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಅಲಾರಂ ಇರುವ ಮಾದರಿಯನ್ನೇ ಕೇಳಿ ತಗೊಳ್ಳಿ. ಫೋನಿನಲ್ಲಿ ಎನ್‌ಎಫ್‌ಸಿ (ತಾಗಿಸಿ ಓದುವ ಸೌಲಭ್ಯ) ಇದೆಯಾ ಅಂತಲೂ ಮೊದಲೇ ನೋಡಿ, ಅಗ್ಗದ ಫೋನುಗಳಲ್ಲಿ ಇರುವುದಿಲ್ಲ.

ಪಂಪ್ ವಿಷಯ ಆಮೇಲೆ ಬರೆಯುತ್ತೇನೆ. ಎರಡೂ ಬೇರೆ ಬೇರೆ.

ನಿವೃತ್ತ ಮಾಸ್ತರು, ಅಂಕೋಲಾ

ಎಲ್ಲದಕ್ಕೂ ಮಷಿನ್ನು. ನಮ್ಮ ತಂದೆ ಬೆನೆಡಿಕ್ಟ್ ದ್ರಾವಣದಲ್ಲಿ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿ ಇದ್ದರೆ ಊಟ, ಹಸಿರಾದರೆ ಅರ್ಧ ಊಟ, ಇಟ್ಟಿಗೆ ಕೆಂಪಾದರೆ ಬರೀ ಮಜ್ಜಿಗೆ. 84 ವರ್ಷ ಬದುಕಿದರು.

ಸಿಸ್ಟರ್ ಅಕ್ಕ

@ಮಾಸ್ತರು, ಮೂತ್ರಕ್ಕೆ ಸಕ್ಕರೆ ಬರುವುದು ರಕ್ತದಲ್ಲಿ ಸುಮಾರು 180 ದಾಟಿದ ಮೇಲೆ. ರಕ್ತದಲ್ಲಿ 52 ಇದ್ದರೂ ನೀಲಿ, 120 ಇದ್ದರೂ ನೀಲಿ. ಇಲ್ಲಿ ಕೇಳುತ್ತಿರುವುದು ಇಳಿಯುವ ವಿಷಯ.

@ಹುಲೇಕಲ್ ಮಾಣಿ, ಸೆನ್ಸರ್ ನಾಳೆ ನೋಡೋಣ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಆ 52ನ್ನು ಹೇಳಿ. 30/70ರಲ್ಲಿ 30 ಪಾಲು ಬೇಗ, 70 ಪಾಲು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್. ರಾತ್ರಿ ಊಟಕ್ಕೆ ಮೊದಲು ಚುಚ್ಚಿಕೊಂಡರೆ ಅದರ ಜೋರು ನಡುರಾತ್ರಿಗೆ ಬರುತ್ತದೆ. ವಯಸ್ಸಾದವರು ಊಟ ಕಡಿಮೆ ಮಾಡಿದರೆ, ಕಿಡ್ನಿ ಸ್ವಲ್ಪ ಸೋತಿದ್ದರೆ, ಹೀಗೇ ಆಗುವುದು. ಡೋಸ್ ಇಳಿಸಬೇಕೋ, ಗ್ಲಾರ್ಜಿನ್ ತರದ ಬೇರೆ ಇನ್ಸುಲಿನ್‌ಗೆ ಹೋಗಬೇಕೋ, ಅದನ್ನು ಅವರು ಹೇಳುತ್ತಾರೆ. ನೀವೇ ಕೂತು ಲೆಕ್ಕ ಹಾಕಬೇಡಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಇದೆಯಾ ಅಂತಲೂ ಕೇಳಿ. ಅದು ಎದೆ ಬಡಿತ, ಕೈ ನಡುಕದಂಥ ಸೂಚನೆಗಳನ್ನು ಮುಚ್ಚಿಡುತ್ತದೆ.

ಅಲ್ಲಿಯವರೆಗೆ ತಲೆದಿಂಬಿನ ಹತ್ತಿರ ಗ್ಲೂಕೋಸ್ ಪುಡಿ ಇರಲಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆ.

ಜೋನಿಬೆಲ್ಲ

ರಾತ್ರಿ ಇಳಿದದ್ದಕ್ಕೇ ಬೆಳಗ್ಗೆ 210 ಆಗಿದ್ದು. ದೇಹವೇ ಹೆದರಿ ಸಕ್ಕರೆ ಸುರಿಯುತ್ತದೆ. ಸೊಮೊಗಿ ಅಂತ ಹೆಸರು ಅದಕ್ಕೆ.

ಕಾಳಿ ದಂಡೆ

ಪುಸ್ತಕದಲ್ಲಿ ಹಾಗೇ ಇತ್ತು. ಸೆನ್ಸರ್ ಬಂದ ಮೇಲೆ ರಾತ್ರಿಯಿಡೀ ಗೆರೆ ಕಾಣತೊಡಗಿತು. ನೋಡಿದರೆ ರಾತ್ರಿ ಇಳಿದವರಲ್ಲಿ ಹೆಚ್ಚಿನವರು ಬೆಳಗ್ಗೆಯೂ ಕೆಳಗೇ ಇರುತ್ತಾರೆ. ಬೆಳಗಿನ ಏರಿಕೆಗೆ ಮುಂಜಾನೆಯ ಹಾರ್ಮೋನುಗಳು ಕಾರಣ ಆಗಿರುವುದೇ ಜಾಸ್ತಿ. ಇವರ ವಿಷಯದಲ್ಲಂತೂ ಆಯಿ ಕುಡಿಸಿದ ಸಕ್ಕರೆ ನೀರು ಎಷ್ಟು ಲೋಟ ಅಂತ ಕೇಳಬೇಕು!

ಹುಲೇಕಲ್ ಮಾಣಿ

ಕೇಳಿದೆ. ಒಂದು ಚೊಂಬು. ಮೇಲಿಂದ ಬಾಳೆಹಣ್ಣು.

ಡಾಕ್ಟರಿಗೂ ಫೋನ್ ಮಾಡಿದೆ. ರಾತ್ರಿ ಡೋಸ್ ಇಳಿಸಿದ್ದಾರೆ, ಬುಧವಾರ ಬರಲು ಹೇಳಿದ್ದಾರೆ. ಥ್ಯಾಂಕ್ಸ್ ಸಿಸ್ಟರ್ ಅಕ್ಕ.

ಕುಮಟಾ ಮೆಡಿಕಲ್

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಪ್ಪಯ್ಯ ಚುಚ್ಚಿಕೊಳ್ಳುವುದು ಪೆನ್ನಾ, ಸಿರಿಂಜಾ? ಸಿರಿಂಜ್ ಆದರೆ ಮುಚ್ಚಳ ಯಾವ ಬಣ್ಣ?

ಹುಲೇಕಲ್ ಮಾಣಿ

ಸಿರಿಂಜ್. ಬಣ್ಣ ಗೊತ್ತಿಲ್ಲ, ಆಯಿಗೆ ಕೇಳಿ ಹೇಳುತ್ತೇನೆ. ಯಾಕೆ?

ಕುಮಟಾ ಮೆಡಿಕಲ್

ಯಾಕೆಂದರೆ ನಮ್ಮ ದೇಶದಲ್ಲಿ ಎರಡು ಗಟ್ಟಿತನದ ಇನ್ಸುಲಿನ್ ಓಡುತ್ತಿದೆ. ಬಾಟಲಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಬಾಟಲಿ ಸಿಗದೆ ಇದ್ದಾಗ ಕೆಲವರು ಪೆನ್ ಕಾರ್ಟ್ರಿಜ್‌ನಿಂದಲೇ ಕೆಂಪು ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. 20ರ ಗೆರೆಗೆ ಎಳೆದರೆ ಒಳಗೆ ಬಂದದ್ದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದರೆ, 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನ 20ಕ್ಕೆ ಎಳೆದರೆ, ಹೋಗುವುದು ಬರೀ 8. ಸಕ್ಕರೆ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ, ಆಮೇಲೆ ಯಾರೋ ಸರಿಯಾದ ಸಿರಿಂಜ್ ಕೊಡುತ್ತಾರೆ. ಮುಂದೇನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಇಂಥ ಗೊಂದಲ ಕಣ್ಣಾರೆ ನೋಡಿದ್ದೇನೆ. ಮಾಲು ಸರಿಯಾಗಿ ಬರುತ್ತಿರಲಿಲ್ಲ, ಜನ ಸಿಕ್ಕಿದ್ದನ್ನು ತಗೊಂಡು ಹೋಗುತ್ತಿದ್ದರು. ಪ್ರತಿಯೊಬ್ಬರಿಗೂ ಬಾಟಲಿ ಮೇಲಿನ ನಂಬರ್ ಓದಿಸಿ ಕಳಿಸುತ್ತಿದ್ದೆ. ಬೈದರು ಕೂಡ.

ಹುಲೇಕಲ್ ಮಾಣಿ

ಆಯಿ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಕೆಂಪು ಮುಚ್ಚಳ, ಬಾಟಲಿ ಮೇಲೆ 40. ಸರಿಯೇ ಇದೆ. ಆದರೆ ಅಪ್ಪಯ್ಯ ಹೊಟ್ಟೆಯ ಎಡಗಡೆ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾರಂತೆ, ಅಲ್ಲಿ ನಿಂಬೆಗಾತ್ರದ ಗಂಟು. "ಅಲ್ಲಿ ನೋವಾಗುವುದಿಲ್ಲ" ಅಂತ.

ಸಿಸ್ಟರ್ ಅಕ್ಕ

ಅದೇ ನೋಡಿ. ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ ಎಷ್ಟು ರಕ್ತಕ್ಕೆ ಇಳಿಯುತ್ತದೆ ಅಂತ ಲೆಕ್ಕವೇ ಸಿಗುವುದಿಲ್ಲ. ಜಾಗ ಬದಲಿಸಬೇಕು, ಆದರೆ ಡಾಕ್ಟರಿಗೆ ಹೇಳಿ ಬದಲಿಸಿ. ಗಂಟು ಬಿಟ್ಟು ಒಳ್ಳೆ ಚರ್ಮಕ್ಕೆ ಅದೇ ಡೋಸ್ ಹಾಕಿದರೆ ಇನ್ಸುಲಿನ್ ಜೋರಾಗಿ ಹತ್ತಿ ಸಕ್ಕರೆ ಇಳಿಯಬಹುದು. ಮತ್ತೆ 30/70 ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಹಾಲಿನ ಹಾಗೆ ಒಂದೇ ಬಣ್ಣ ಬರಿಸಬೇಕು. ಕುಲುಕಬಾರದು.

ಗ್ಯಾಜೆಟ್ ಗೋಕರ್ಣ

ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ ಶುಗರ್ ತೋರಿಸುವ ವಾಚ್ ಮೂರು ಸಾವಿರಕ್ಕೆ ಸಿಗುತ್ತದೆ. ಚುಚ್ಚುವುದೇ ಬೇಡ.

ಕಾಳಿ ದಂಡೆ

ದಯವಿಟ್ಟು ಬೇಡ. ಚರ್ಮಕ್ಕೆ ಚುಚ್ಚದೆ ಸಕ್ಕರೆ ಅಳೆಯುವ ಒಂದೇ ಒಂದು ವಾಚ್‌ಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಹೊರಡಿಸಿತು. ಆ ವಾಚನ್ನು ಕಂಬಕ್ಕೆ ಕಟ್ಟಿ ನೋಡಿ, ಕಂಬಕ್ಕೂ ನಂಬರ್ ಬರುತ್ತದೆ.

ಗ್ಯಾಜೆಟ್ ಗೋಕರ್ಣ

ಕಟ್ಟಿ ನೋಡಿದೆ. ಕಂಬಕ್ಕಲ್ಲ, ತೆಂಗಿನಕಾಯಿಗೆ. 96 😂 ವಾಪಸ್ ಕಳಿಸುತ್ತಿದ್ದೇನೆ.

ನಿವೃತ್ತ ಮಾಸ್ತರು, ಅಂಕೋಲಾ

ಎಳನೀರಿಗೆ ಪಥ್ಯ ಸರಿಯಾಗಿದೆ ಅಂತ ಆಯಿತು.

ಚೌಕಿಮನೆ, ಹೊನ್ನಾವರ

ಹವ್ಯಾಸಿ ಯಕ್ಷಗಾನ ವೇಷಧಾರಿ ನಾನು. ಇನ್ಸುಲಿನ್ ಮೇಲೆ ಇದ್ದೇನೆ, ಸೆನ್ಸರ್ ಹಾಕುತ್ತೇನೆ. ನನ್ನ ಅನುಭವ ಕೇಳಿ. ಒಂದು ಆಟದಲ್ಲಿ ವೇಷ ಕಟ್ಟಿ ಚೌಕಿಯಲ್ಲಿ ಕೂತಿದ್ದೆ, ಇನ್ನೇನು ಪ್ರವೇಶ. ಫೋನ್ ಕಿರುಚಿತು, 54. ಮೈಯಲ್ಲಿ ಏನೂ ಆಗುತ್ತಿಲ್ಲ. ಪಕ್ಕದವರು ಆಗಲೇ ಬೆಲ್ಲ ಹಿಡಿದು ನಿಂತಿದ್ದರು. ಬಣ್ಣದ ಕೈ ಒರೆಸಿ ಬೆರಳು ಚುಚ್ಚಿ ನೋಡಿದರೆ 118. ತೋಳಿಗೆ ಬಿಗಿದ ಕಟ್ಟು ಸೆನ್ಸರನ್ನು ಅದುಮಿ ಹಿಡಿದಿತ್ತು. ಆ ಬದಿಗೆ ಮಗ್ಗುಲಾಗಿ ಮಲಗಿದರೂ ಇದೇ ಕತೆ, ಸುಳ್ಳು ಇಳಿಕೆ ತೋರಿಸುತ್ತದೆ. ಅಪ್ಪಯ್ಯ ಯಾವ ಮಗ್ಗುಲಿಗೆ ಮಲಗುತ್ತಾರೆ ಅಂತ ನೋಡಿ, ಇನ್ನೊಂದು ತೋಳಿಗೆ ಹಾಕಿ.

ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗುವವರಿಗೆ ಕೆಲವು ಸೆನ್ಸರ್ ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಇದು ಉಲ್ಟಾ ಅಪಾಯ, ಇಳಿದದ್ದು ಗೊತ್ತೇ ಆಗುವುದಿಲ್ಲ.

ಜೋನಿಬೆಲ್ಲ

ಬೆರಳಲ್ಲಿ ಒಂದು, ತೋಳಲ್ಲಿ ಒಂದು. ಯಾವುದನ್ನು ನಂಬುವುದು?

ಕಾಳಿ ದಂಡೆ

ಮೀಟರ್ ನೋಡುವುದು ರಕ್ತವನ್ನು. ಸೆನ್ಸರಿನ ಎಳೆ ಚರ್ಮದ ಕೆಳಗೆ ಅರ್ಧ ಸೆಂಟಿಮೀಟರಿನಷ್ಟು ಇಳಿದು ಜೀವಕೋಶಗಳ ನಡುವಿನ ದ್ರವವನ್ನು ನೋಡುತ್ತದೆ. ಘಟ್ಟದ ಮೇಲೆ ಮಳೆ ಹೊಡೆದ ಮೇಲೆ ಕೆಳಗೆ ಹೊಳೆ ಏರಲು ಹೊತ್ತು ಬೇಕಲ್ಲ, ಹಾಗೆ ಐದು-ಹತ್ತು ನಿಮಿಷ ಹಿಂದೆ ಇರುತ್ತದೆ. ಸಕ್ಕರೆ ನಿಂತಲ್ಲೇ ಇದ್ದರೆ ಎರಡೂ ಹತ್ತಿರ ಬರುತ್ತವೆ. ಜೋರಾಗಿ ಏರುವಾಗ, ಇಳಿಯುವಾಗ ಹೊಂದುವುದಿಲ್ಲ. ಮೀಟರ್ ಕೂಡ ದೇವರ ವಾಕ್ಯ ಅಲ್ಲ. ಅಂತರರಾಷ್ಟ್ರೀಯ ಮಾನದಂಡವೇ ಶೇಕಡಾ 15ರ ಹೆಚ್ಚುಕಮ್ಮಿ ಒಪ್ಪುತ್ತದೆ. ಮೈಗೆ ಅನ್ನಿಸುವುದಕ್ಕೂ ಸೆನ್ಸರಿಗೂ ತಾಳೆ ಆಗದಿದ್ದರೆ ಬೆರಳು ಚುಚ್ಚಬೇಕು. ನನಗೆ ನಂಬರಿಗಿಂತ ಪಕ್ಕದಲ್ಲಿ ಏರಿಳಿತ ತೋರಿಸುವ ಬಾಣವೇ ಮುಖ್ಯ. 95 ಇದ್ದು ಬಾಣ ನೆಟ್ಟಗೆ ಕೆಳಗೆ ಇದ್ದರೆ ಬೈಕ್ ಹತ್ತುವುದಿಲ್ಲ.

ಬೈತಖೋಲ ಬೋಟು

ನಮ್ಮ ಅಣ್ಣ ಬೋಟಿಗೆ ಹೋಗುತ್ತಾನೆ. ಸೆನ್ಸರ್ ಹಾಕಿದ್ದ, ಬೆವರಿಗೆ ಉಪ್ಪುನೀರಿಗೆ ಮೂರನೇ ದಿನವೇ ಎದ್ದು ಬಂತು. ಅಷ್ಟು ದುಡ್ಡು ನೀರಲ್ಲಿ ಹೋಮ. ಏನಾದರೂ ಉಪಾಯ?

ಕಾಳಿ ದಂಡೆ

ಹಾಕುವ ಮೊದಲು ತೋಳಿನ ಹಿಂಭಾಗ ಸೋಪಲ್ಲಿ ತೊಳೆದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಎಣ್ಣೆ ಹಚ್ಚಿದ ಮೈಗೆ ನಿಲ್ಲುವುದಿಲ್ಲ. ಮೇಲಿಂದ ಅಗಲದ ಪಟ್ಟಿ ಸಿಗುತ್ತದೆ, ನಡುವಿನ ಸಣ್ಣ ತೂತು ಮುಚ್ಚಬಾರದು. ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ, ಅಷ್ಟೇ. ಬಲೆ ಎಳೆಯುವವರಿಗೆ ಹಗ್ಗ ತಾಗುವ ತೋಳು ಬೇಡ.

ಯಲ್ಲಾಪುರದವಳು

ಪಂಪ್ ಬಗ್ಗೆ ನಾನು ಹೇಳುತ್ತೇನೆ. ಮಗಳಿಗೆ ಟೈಪ್ 1, ಹೈಸ್ಕೂಲು. ತುಂಬಾ ವಿಚಾರಿಸಿ ಸದ್ಯಕ್ಕೆ ಬೇಡ ಅಂದುಕೊಂಡೆವು. ಪಂಪ್ ಒಳ್ಳೆಯದಲ್ಲ ಅಂತಲ್ಲ. ನಮ್ಮ ಸಂಬಂಧಿಕರ ಹುಡುಗ ಹೊರದೇಶದಲ್ಲಿ 780ಜಿ ಅನ್ನುವ ಪಂಪ್ ಬಳಸುತ್ತಾನೆ. ಸೆನ್ಸರ್ ಪಂಪಿಗೆ ನಂಬರ್ ಕಳಿಸುತ್ತದೆ, ಪಂಪ್ ಐದೈದು ನಿಮಿಷಕ್ಕೊಮ್ಮೆ ಇನ್ಸುಲಿನ್ ಹೆಚ್ಚುಕಮ್ಮಿ ಮಾಡುತ್ತದೆ, ಸಕ್ಕರೆ ಇಳಿಯುತ್ತಿದ್ದರೆ ತಾನೇ ನಿಲ್ಲಿಸುತ್ತದೆ. ರಾತ್ರಿ ಅವರ ಮನೆಯವರು ನಿದ್ದೆ ಮಾಡುತ್ತಾರೆ, ನಮಗೆ ಹೊಟ್ಟೆಕಿಚ್ಚು! ಈ ಬಗೆಯ ಮೊದಲ ಪಂಪ್ 670ಜಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಇಷ್ಟು ಬೇಗ ಇಷ್ಟು ದೂರ ಬಂದಿದೆ.

ಆದರೆ "ಎಲ್ಲಾ ತಾನೇ ನೋಡಿಕೊಳ್ಳುತ್ತದೆ" ಅನ್ನುವುದು ಸುಳ್ಳು. ಊಟಕ್ಕೆ ಮುಂಚೆ ಎಷ್ಟು ಹಿಟ್ಟಿನಂಶ ತಿನ್ನುತ್ತೇವೆ ಅಂತ ನಾವೇ ಹೇಳಬೇಕು. ಎರಡು ಮೂರು ದಿನಕ್ಕೊಮ್ಮೆ ಮೈಗೆ ಚುಚ್ಚಿದ ಸೆಟ್ ಬದಲಿಸಬೇಕು, ಕೆಲವು ಹೊಸ ಸೆಟ್ ಏಳು ದಿನದವು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಒಂದೇ. ನಳಿಗೆ ಮಡಚಿಕೊಂಡು ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗುತ್ತದೆ. ಮಳೆಗಾಲದಲ್ಲಿ, ಮರ ಬಿದ್ದು ರಸ್ತೆ ಬಂದ್ ಆದ ರಾತ್ರಿ, ಹುಬ್ಬಳ್ಳಿಗೆ ಹೇಗೆ ಹೋಗುವುದು? ಪೆನ್ ಮತ್ತು ಸೆನ್ಸರ್ ಸಾಕು ಅಂತ ತೀರ್ಮಾನ ಮಾಡಿದೆವು. ಪಂಪಿಗೆ ಲಕ್ಷಗಟ್ಟಲೆ, ಆಮೇಲೆ ತಿಂಗಳ ಖರ್ಚು ಬೇರೆ.

71ರ ಅಪ್ಪಯ್ಯನಿಗೆ, ಅದೂ ಎರಡು ಸಲದ ಮಿಕ್ಸ್ ತಗೊಳ್ಳುವವರಿಗೆ, ಪಂಪಿನ ಮಾತೇ ಬೇಡ ಅಂತ ನನ್ನ ಅಭಿಪ್ರಾಯ.

ಭಟ್ಕಳ ಮಲ್ಲಿಗೆ

ರಸ್ತೆ ಅಂದಿರಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ನಾವು ಮಣಿಪಾಲ, ಕಾರವಾರದವರು ಗೋವಾ, ಘಟ್ಟದವರು ಹುಬ್ಬಳ್ಳಿ. ಆಂಬುಲೆನ್ಸ್‌ನಲ್ಲೇ ಅರ್ಧ ಜೀವ ಹೋಗುತ್ತದೆ.

ಬೈತಖೋಲ ಬೋಟು

ಆ ಗೋವಾದವರಿಗೇ ಶುಗರ್ ಜಾಸ್ತಿ. 2023ರ ಐಸಿಎಂಆರ್ ಸಮೀಕ್ಷೆಯಲ್ಲಿ ದೇಶಕ್ಕೇ ಮೊದಲು, ಶೇಕಡಾ 26.4. ನಮ್ಮದೂ ಅದೇ ಮೀನು, ಅದೇ ಅನ್ನ. ಗಡಿ ದಾಟಿದರೆ ಅಲ್ಲಿ, ಈಚೆ ಬಂದರೆ ಇಲ್ಲಿ. ನಮಗೆಷ್ಟಿದೆಯೋ!

ಜೋನಿಬೆಲ್ಲ

ಮೀನಿಗೆ ಯಾಕೆ ಬೈಯುತ್ತೀರಿ, ಅನ್ನಕ್ಕೆ ಬೈಯಿರಿ. ಅಂದಹಾಗೆ ಜೋನಿಬೆಲ್ಲ ಸಕ್ಕರೆಗಿಂತ ವಾಸಿ ಅಲ್ವಾ? ದೋಸೆಗೆ ಅದಿಲ್ಲದೆ ಹೇಗೆ?

ಚೌಕಿಮನೆ, ಹೊನ್ನಾವರ

ನಿಮ್ಮ ಹೆಸರು ನೋಡಿದಾಗಲೇ ಈ ಪ್ರಶ್ನೆ ಬರುತ್ತದೆ ಅಂದುಕೊಂಡಿದ್ದೆ. ಸೆನ್ಸರ್ ಹಾಕಿ ಎರಡು ದೋಸೆ ಜೋನಿಬೆಲ್ಲದ ಜೊತೆ ತಿಂದು ನೋಡಿದ್ದೇನೆ. ಗೆರೆ ಯಾಣದ ಬಂಡೆಯ ತರ ನೆಟ್ಟಗೆ ಎದ್ದಿತು. ತೆಂಗಿನಕಾಯಿ ಚಟ್ನಿಗೆ ಅಷ್ಟಿಲ್ಲ. ಆದರೆ ಕುಚಲಕ್ಕಿ ಗಂಜಿ ಬಗ್ಗೆ ನನಗಿದ್ದ ನಂಬಿಕೆಯೂ ಹೋಯಿತು. ಬಟ್ಟಲು ದೊಡ್ಡದಾದರೆ ಅದೂ ಏರಿಸುತ್ತದೆ.

ನಿವೃತ್ತ ಮಾಸ್ತರು, ಅಂಕೋಲಾ

ಕರೆಂಟ್ ಹೋದರೆ ಇನ್ಸುಲಿನ್ ಏನು ಮಾಡುತ್ತೀರಿ? ನಾನು ಮಣ್ಣಿನ ಮಡಕೆಯಲ್ಲಿ ಇಡುತ್ತೇನೆ. ಇದಕ್ಕೂ ಮಷಿನ್ ಬೇಕಾ?

ಕುಮಟಾ ಮೆಡಿಕಲ್

ಮಾಸ್ತರೇ, ಮಡಕೆ ಒಳ್ಳೆಯದೇ. ಆದರೆ ಮಡಕೆ ತಣ್ಣಗಾಗುವುದು ನೀರು ಆರುವುದರಿಂದ. ಬಯಲುಸೀಮೆಯ ಒಣ ಗಾಳಿಯಲ್ಲಿ ಚೆನ್ನಾಗಿ ಆರುತ್ತದೆ. ನಮ್ಮ ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ ಲುಂಗಿಯೇ ಒಣಗುವುದಿಲ್ಲ, ಮಡಕೆ ಎಲ್ಲಿಂದ ತಂಪಾಗಬೇಕು? ಘಟ್ಟದ ಮೇಲೆ ಬೇಸಿಗೆಯಲ್ಲಿ ಸ್ವಲ್ಪ ವಾಸಿ. ಬಳಸುತ್ತಿರುವ ಬಾಟಲಿಗೆ ಫ್ರಿಜ್ ಬೇಕೆಂದೇ ಇಲ್ಲ. 30 ಡಿಗ್ರಿ ದಾಟದ ನೆರಳಿನ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಸೀಲ್ ಒಡೆಯದ ಬಾಟಲಿಗೆ ಮಾತ್ರ 2ರಿಂದ 8 ಡಿಗ್ರಿ. ಫ್ರೀಜರ್ ಗೋಡೆಗೆ ತಾಗಿಸಿ ಇಡಬೇಡಿ. ಒಂದು ಸಲ ಹೆಪ್ಪುಗಟ್ಟಿದರೆ ಎಸೆಯುವುದೇ.

ಗ್ಯಾಜೆಟ್ ಗೋಕರ್ಣ

ಮೂಗಿಗೆ ಎಳೆದುಕೊಳ್ಳುವ ಇನ್ಸುಲಿನ್ ಬಂದಿದೆಯಂತೆ? ವಾರಕ್ಕೊಂದು ಚುಚ್ಚುವುದೂ ಇದೆಯಂತೆ? ಈ ಸಲ ಮೊದಲು ಕೇಳಿಯೇ ಹೇಳುತ್ತಿದ್ದೇನೆ!

ಯಲ್ಲಾಪುರದವಳು

ಮೂಗಿಗಲ್ಲ, ಬಾಯಿಂದ ಶ್ವಾಸಕೋಶಕ್ಕೆ. ಅಫ್ರೆಝಾ. ಅಮೆರಿಕದಲ್ಲಿ 2014ರಿಂದ ಇದೆ, ನಮ್ಮಲ್ಲಿ 2024ರ ಕೊನೆಗೆ ಒಪ್ಪಿಗೆ ಸಿಕ್ಕಿತು. ಊಟದ ಹೊತ್ತಿನದು ಮಾತ್ರ. ಅಸ್ತಮಾ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಆಗುವುದಿಲ್ಲ, ಶುರು ಮಾಡುವ ಮೊದಲು ಶ್ವಾಸಕೋಶದ ಪರೀಕ್ಷೆ ಆಗಬೇಕು. ವಾರಕ್ಕೊಂದರ ಹೆಸರು ಐಕೊಡೆಕ್. ಯುರೋಪ್ 2024ರಲ್ಲಿ ಒಪ್ಪಿತು, ಅದೇ ವರ್ಷ ಅಮೆರಿಕದವರು ಇನ್ನಷ್ಟು ಮಾಹಿತಿ ಕೇಳಿ ಹಿಂದೆ ಕಳಿಸಿದರು. ರಾತ್ರಿ ಇಳಿಯುವವರಿಗೆ ವಾರದ ಡೋಸ್ ಒಳಗೆ ಹೋದ ಮೇಲೆ ಹಿಂದೆ ತೆಗೆಯಲು ಬರುವುದಿಲ್ಲ ಅನ್ನುವುದು ನನ್ನ ಭಯ.

ಸಿಸ್ಟರ್ ಅಕ್ಕ

@ಹುಲೇಕಲ್ ಮಾಣಿ, ಖರ್ಚಿನ ಬಗ್ಗೆ ಒಂದು ಮಾತು. ಎರಡು ವಾರದ ಸೆನ್ಸರ್ ಒಂದಕ್ಕೆ ನಾಲ್ಕೈದು ಸಾವಿರ ಆಗುತ್ತದೆ. ವರ್ಷಪೂರ್ತಿ ಹಾಕಲೇಬೇಕು ಅಂತಿಲ್ಲ. ಈಗ ಒಂದು ಹಾಕಿಸಿ. ಡಾಕ್ಟರೇ ಹಾಕಿ ಆಮೇಲೆ ಗ್ರಾಫ್ ತೆಗೆಯುವ ಲಿಬ್ರೆ ಪ್ರೊ ಮಾದರಿ ಕೂಡ ನಮ್ಮಲ್ಲಿ 2015ರಿಂದ ಇದೆ. ಅದರಲ್ಲಿ ಅಲಾರಂ ಇಲ್ಲ, ನಿಮಗೆ ನಂಬರೂ ಕಾಣುವುದಿಲ್ಲ, ಆದರೆ ಅಪ್ಪಯ್ಯ ಮುಚ್ಚಿಡುವ ರಾತ್ರಿಯೆಲ್ಲ ಡಾಕ್ಟರಿಗೆ ಕಾಣುತ್ತದೆ. ಡೋಸ್ ಸರಿಮಾಡಿದ ಮೇಲೆ ಇನ್ನೊಂದು ಹಾಕಿ ನೋಡುವುದು. 70ರಿಂದ 180ರ ನಡುವೆ ದಿನದ ಶೇಕಡಾ 70 ಹೊತ್ತು ಇರಬೇಕು ಅಂತ ಎಲ್ಲರಿಗೂ ಹೇಳುತ್ತಾರೆ. ವಯಸ್ಸಾದವರಿಗೆ ಅಷ್ಟು ಬಿಗಿ ಬೇಡ, ಅರ್ಧ ದಿನ ಇದ್ದರೂ ನಡೆಯುತ್ತದೆ. ಇಳಿಯದೆ ಇರುವುದೇ ಮುಖ್ಯ.

ಇನ್ನೊಂದು. ಅಲಾರಂ ಹೊಡೆದಾಗ ಏಳುವುದು ಆಯಿ. ಅವಳಿಗೆ ಫೋನ್ ಕಲಿಸಿ, ಅಪ್ಪಯ್ಯನಿಗಲ್ಲ.

ಹುಲೇಕಲ್ ಮಾಣಿ

ಬುಧವಾರ ರಜೆ ಹಾಕಿ ನಾನೇ ಬರುತ್ತಿದ್ದೇನೆ. ಅಲಾರಂ ಇರುವುದನ್ನೇ ಹಾಕಿಸುತ್ತೇನೆ. ನಾನು ಬೆಂಗಳೂರಲ್ಲಿ ನೋಡುವ ವ್ಯವಸ್ಥೆ ಬಗ್ಗೆ ಅಪ್ಪಯ್ಯ ಈಗಲೇ ಜಗಳ ತೆಗೆದಿದ್ದಾರೆ. "ನಾನು ಏನು ತಿಂದೆ ಅಂತ ನಿನಗೆ ಅಲ್ಲಿ ಗೊತ್ತಾಗಬೇಕಾ" ಅಂತ.

ಕಾಳಿ ದಂಡೆ

ಅವರು ಹೇಳಿದ್ದು ಸರಿ! ನನ್ನ ಅಮ್ಮನೂ ನೋಡುತ್ತಾಳೆ, ಒಂದು ಐಸ್‌ಕ್ರೀಮ್ ತಿಂದರೆ ಹತ್ತು ನಿಮಿಷದಲ್ಲಿ ಫೋನ್. ಜಗಳ ಮಾಡಿ ಒಪ್ಪಂದ ಆಗಿದೆ: 70ಕ್ಕಿಂತ ಇಳಿದರೆ ಮಾತ್ರ ಅವಳಿಗೆ ಸದ್ದು, ಏರಿದ್ದಕ್ಕೆ ಕೇಳುವ ಹಾಗಿಲ್ಲ. ನೀವೂ ಹಾಗೇ ಮಾಡಿ.

ಭಟ್ಕಳ ಮಲ್ಲಿಗೆ

ವಿಷಯ ಬಿಟ್ಟು ಕೇಳುತ್ತಿದ್ದೇನೆ. ಬಳಸಿದ ಸೂಜಿ ಎಲ್ಲಿ ಹಾಕುತ್ತೀರಿ? ನಮ್ಮ ಕಸದ ಗಾಡಿಯವಳ ಕೈಗೆ ಚುಚ್ಚಿ ದೊಡ್ಡ ಗಲಾಟೆ ಆಯಿತು.

ಕುಮಟಾ ಮೆಡಿಕಲ್

ದಪ್ಪ ಪ್ಲಾಸ್ಟಿಕ್ ಡಬ್ಬಿ, ಫಿನೈಲ್ ಕ್ಯಾನ್ ತರದ್ದು. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ "ಸೂಜಿ" ಅಂತ ಬರೆದು ಹತ್ತಿರದ ಆಸ್ಪತ್ರೆಯಲ್ಲಿ ತಗೊಳ್ಳುತ್ತಾರಾ ಕೇಳಿ. ನಮ್ಮ ಅಂಗಡಿಗೆ ತಂದರೆ ನಾನು ತಗೊಂಡು ಆಸ್ಪತ್ರೆ ಕಸದ ಜೊತೆ ಕಳಿಸುತ್ತೇನೆ. ಸೆನ್ಸರ್ ಹಚ್ಚುವ ಸಾಧನದೊಳಗೂ ಸೂಜಿ ಇರುತ್ತದೆ, ಅದನ್ನೂ ಹಸಿ ಕಸಕ್ಕೆ ಹಾಕಬೇಡಿ.

ಭಟ್ಕಳ ಮಲ್ಲಿಗೆ

ಕುಮಟಾಕ್ಕೆ ಸೂಜಿ ಹೊತ್ತುಕೊಂಡು ಬರಲಾ? ಇಲ್ಲೇ ಯಾರಾದರೂ ಇದ್ದರೆ ಹೇಳಿ ಮಾರಾಯ್ರೇ.